ಭಾನುವಾರದ ಅನುವಾದ: ‘ಸಮುದಾಯ’ದಲ್ಲಿ ಸಿಕ್ಕಿಕೊಂಡೆ

ಎರಡನೇ ಭಾನುವಾರ

2001ರಲ್ಲಿ ಅಮೆರಿಕದ ಎರಡು ಸಂಘಟನೆಗಳು ಸೇರಿ, ಹೆಂಗಸರ ಮೇಲಿನ ಹಿಂಸೆ ಮತ್ತು ಜೈಲುಗಳ ಬಗ್ಗೆ ಒಂದು ಹೇಳಿಕೆ ಹೊರಡಿಸಿದವು. ‘ಇನ್ಸೈಟ್’ ಕಪ್ಪು ಮತ್ತಿತರ ಬಿಳಿಯರಲ್ಲದ ಹೆಂಗಸರು ಹಿಂಸೆಯ ವಿರುದ್ಧ ಕಟ್ಟಿಕೊಂಡದ್ದು. ‘ಕ್ರಿಟಿಕಲ್ ರೆಸಿಸ್ಟೆನ್ಸ್’ ಜೈಲುಗಳೇ ಬೇಡ ಅನ್ನುವವರದು. ಆ ಹೇಳಿಕೆಯನ್ನು ಕನ್ನಡಕ್ಕೆ ತಂದು, ಎ4 ಹಾಳೆ ಮಡಚಿ, ಪಿನ್ನು ಹೊಡೆದು ಗೆಳತಿಯರಿಗೆ ಹಂಚಬೇಕು ಅಂತ ಕೂತಿದ್ದೇನೆ.

ಮೊದಲರ್ಧ ಮುಗಿಯಿತು. ಈ ಹೇಳಿಕೆ ಇಬ್ಬರಿಗೂ ಬೈಯುತ್ತದೆ, ನನಗೆ ಹಿಡಿಸಿದ್ದೇ ಅದು. ಪೊಲೀಸರನ್ನು ನೆಚ್ಚಿಕೊಂಡವರಿಗೆ ಹೇಳುವುದು: ಮನೆಯೊಳಗಿನ ಹೊಡೆತದ ದೂರು ಬಂದರೆ ಪೊಲೀಸರು ಬಂಧಿಸಲೇಬೇಕು ಅನ್ನುವ ‘ಕಡ್ಡಾಯ ಬಂಧನ’ದ ಕಾನೂನು ಬಂದ ಮೇಲೆ ಏಟು ತಿಂದವಳನ್ನೇ ಹಿಡಿದುಕೊಂಡು ಹೋಗಿದ್ದೂ ಇದೆ. ಜೈಲು ಬೇಡ ಅನ್ನುವವರಿಗೆ ಕೇಳುವುದು: ಸರಿ, ಹಾಗಾದರೆ ಇವತ್ತು ರಾತ್ರಿ ಆ ಹೆಂಗಸು ಎಲ್ಲಿ ಮಲಗಬೇಕು?

ಎರಡನೆಯದು ಹೇಳಿಕೆಯ ಮಾತಲ್ಲ, ಅದರ ಸಾರ ನನ್ನ ಬಾಯಲ್ಲಿ. ಪುಸ್ತಿಕೆಯಲ್ಲಿ ಹೀಗೆ ಹಾಕುವುದಿಲ್ಲ.

ಮೂರನೇ ಭಾನುವಾರ

ಒಂದು ಟಿಪ್ಪಣಿ ಬರೆದೆ. ಆ ಕಡ್ಡಾಯ ಬಂಧನ ಸುಮ್ನೆ ಬಂದದ್ದಲ್ಲ. 1983ರಲ್ಲಿ ಕನೆಕ್ಟಿಕಟ್‌ನ ಟಾರಿಂಗ್ಟನ್‌ನಲ್ಲಿ ಟ್ರೇಸಿ ಥರ್ಮನ್ ಎಂಬಾಕೆಯನ್ನು ಗಂಡ ಇರಿದ. ಅದಕ್ಕೂ ಮುಂಚೆ ಮತ್ತೆ ಮತ್ತೆ ದೂರು ಕೊಟ್ಟರೂ ಪೊಲೀಸರು ಕಿವಿಗೆ ಹಾಕಿಕೊಂಡಿರಲಿಲ್ಲ. ಆಕೆ ಊರಾಡಳಿತದ ಮೇಲೆ ಕೇಸು ಹಾಕಿ ಗೆದ್ದಳು. ಆ ಕಾನೂನು ಬರಲು ಇಂಥ ಕೇಸುಗಳೂ ಕಾರಣ. ಇದನ್ನು ಬಿಟ್ಟರೆ ಪುಸ್ತಿಕೆ ಒಂದೇ ಕಡೆ ವಾಲುತ್ತದೆ, ಅಲ್ವಾ?

ಐದನೇ ಭಾನುವಾರ

ನಾಲ್ಕನೆಯದರಲ್ಲಿ ಒಂದೇ ಒಂದು ಪದಕ್ಕೆ ಸಿಕ್ಕಿಬಿದ್ದೆ. ಪೊಲೀಸರ ಬದಲು ‘ಕಮ್ಯೂನಿಟಿ’ಯೇ ಮುಂದೆ ಬರಬೇಕು ಅನ್ನುವ ಮಾತು ಹೇಳಿಕೆಯ ಉದ್ದಕ್ಕೂ ಇದೆ. ನಾನು ಕಣ್ಣು ಮುಚ್ಚಿಕೊಂಡು ‘ಸಮುದಾಯ’ ಅಂತ ಬರೆದುಕೊಂಡು ಹೋಗಿದ್ದೆ.

ಕರಡನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಿ, “ಸಮುದಾಯ ಅಂದ್ರೆ ನಮ್ಮ ಜಾತಿಯೋರಾ? ಅವರು ಸೇರಿದ್ರೆ ‘ಹೊಂದ್ಕೊಂಡು ಹೋಗಮ್ಮ’ ಅಂತಾರೆ, ಅಷ್ಟೇ” ಅಂದರು.

ಹೌದಲ್ಲ! ನಮ್ಮ ಪೇಪರುಗಳಲ್ಲಿ ‘ಸಮುದಾಯದ ಮುಖಂಡರು’ ಅಂದರೆ ಜಾತಿಯ ಮುಖಂಡರೇ. ನನ್ನ ಕನ್ನಡದಲ್ಲಿ ಆ ಅಮೆರಿಕನ್ ಹೆಂಗಸರು ಕಟ್ಟೆ ಪಂಚಾಯಿತಿಯ ವಕೀಲರಾಗಿಬಿಟ್ಟಿದ್ದರು. ಅವರ ಮನಸ್ಸಿನಲ್ಲಿರುವುದು ಅದಲ್ಲ. ಚಳವಳಿಯಲ್ಲಿರುವ ಗಂಡಸರು ವಿಶೇಷವಾಗಿ ಹೊಣೆ ಹೊರಬೇಕು ಅಂತಲೂ ಅದರಲ್ಲಿ ಕೇಳಿದ್ದಾರೆ. ಯಾವ ಪಂಚಾಯಿತಿ ಕಟ್ಟೆಯಲ್ಲಿ ಹಾಗೆ ಕೇಳಿದ್ದಾರೆ?

ಪದ ಹುಡುಕುವಾಗ ನೆನಪಾದದ್ದು ‘ಮಹಿಳಾ ಸಮಖ್ಯಾ’, ಹಳ್ಳಿಯ ಹೆಂಗಸರಿಗಾಗಿ ಇದ್ದ ಸರ್ಕಾರಿ ಕಾರ್ಯಕ್ರಮ. 1989ರಲ್ಲಿ ಈ ಕಾರ್ಯಕ್ರಮ ಶುರುವಾದ ಮೂರು ರಾಜ್ಯಗಳಲ್ಲಿ ನಮ್ಮದೂ ಒಂದು. ಅದರ ಸಂಘದ ಹೆಂಗಸರು ನಾರಿ ಅದಾಲತ್, ಅಂದರೆ ಹೆಂಗಸರ ದೂರು ಕೇಳಿ ಬಗೆಹರಿಸುವ ಸಭೆ, ನಡೆಸುತ್ತಿದ್ದರು. ಅಲ್ಲಿ ಕೂತು ಕೇಳುತ್ತಿದ್ದವರು ಹೆಂಗಸರು. ಜೈಲಿಗೆ ಹಾಕುವ ಅಧಿಕಾರ ಅವರಿಗಿರಲಿಲ್ಲ. ಪೂರ್ತಿ ಅದೇ ಅಲ್ಲ, ಆದರೆ ಕಟ್ಟೆಗಿಂತ ಎಷ್ಟೋ ಹತ್ತಿರ.

ಹಾಗಾಗಿ ‘ಸಮುದಾಯ’ ಪೂರ್ತಿ ಔಟ್. ಕೆಲವು ಕಡೆ ‘ನೆರೆಹೊರೆಯವರು’, ಕೆಲವು ಕಡೆ ‘ಅವಳ ಜೊತೆ ನಿಂತವರು’. ಒಂದೇ ಪದಕ್ಕೆ ಎರಡು ಅನುವಾದ ಯಾಕೆ ಅಂತ ಯಾರಾದರೂ ಕೇಳಿದರೆ ಚಿಕ್ಕಮ್ಮನ ಕಡೆ ಕೈ ತೋರಿಸುತ್ತೇನೆ.

ಆರನೇ ಭಾನುವಾರ

ಕೊನೆಯ ಪುಟಕ್ಕೆ ನಮ್ಮ ದೇಶದ ನಾಲ್ಕು ಸಾಲು ಸೇರಿಸಿದೆ. 2012ರ ಡಿಸೆಂಬರ್‌ನ ದೆಹಲಿ ಸಾಮೂಹಿಕ ಅತ್ಯಾಚಾರದ ನಂತರ, 2013ರ ಜನವರಿಯಲ್ಲಿ, ಕಾನೂನು ಹೇಗೆ ತಿದ್ದಬೇಕು ಅಂತ ಹೇಳಲು ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ವರ್ಮಾ ಸಮಿತಿ ಅತ್ಯಾಚಾರಕ್ಕೆ ಗಲ್ಲು ಶಿಫಾರಸು ಮಾಡಲಿಲ್ಲ. ಎಷ್ಟೋ ಮಹಿಳಾ ಸಂಘಟನೆಗಳೂ ಗಲ್ಲು ಬೇಡ ಅಂದಿದ್ದವು. ಫೆಬ್ರುವರಿಯ ಸುಗ್ರೀವಾಜ್ಞೆಯಲ್ಲಿ ಕೆಲವು ಪ್ರಕರಣಗಳಿಗೆ ಗಲ್ಲು ಬಂದೇ ಬಂತು.

ಹನ್ನೆರಡು ಪ್ರತಿ ಜೆರಾಕ್ಸ್ ಮಾಡಿಸಿದೆ. ಎರಡರಲ್ಲಿ ಪುಟ ತಲೆಕೆಳಗಾಗಿದೆ. ಒಂದನ್ನು ಚಿಕ್ಕಮ್ಮ ಆಗಲೇ ತಮ್ಮ ಸ್ವಸಹಾಯ ಸಂಘಕ್ಕೆ ಒಯ್ದಿದ್ದಾರೆ. ತಲೆಕೆಳಗಾದದ್ದನ್ನೇ.