ಪಿಟಿ ತಪ್ಪಿಸಿಕೊಳ್ಳೋಕೆ ಹಿಡಿದ ಡ್ರಮ್

ನಿಜ ಹೇಳಿಬಿಡ್ತೀನಿ. ಎಂಟನೇ ಕ್ಲಾಸಿನಲ್ಲಿ ನಾನು ಸ್ಕೂಲ್ ಬ್ಯಾಂಡಿಗೆ ಸೇರಿದ್ದು ಸಂಗೀತದ ಹುಚ್ಚಿನಿಂದಲ್ಲ, ಪಿಟಿ ಪೀರಿಯಡ್ಡಿನಲ್ಲಿ ಬಿಸಿಲಲ್ಲಿ ಓಡೋದು ತಪ್ಪಲಿ ಅಂತ. ಆಗಸ್ಟ್ 15ರ ಪರೇಡಿಗೆ ಸೈಡ್ ಡ್ರಮ್ ನೇತುಹಾಕಿಕೊಂಡು ಮೈದಾನ ಸುತ್ತಿದಾಗ ಗೊತ್ತಾಯ್ತು, ಓಡೋದೇ ಸುಲಭವಿತ್ತು. ಡ್ರಮ್ಮಿನ ಅಂಚು ಬಡಿದು ಬಡಿದು ಎಡತೊಡೆ ನೀಲಿಗಟ್ಟಿತ್ತು.

ಒಂದು ದಿನ ಇಂಗ್ಲಿಷ್ ಮಿಸ್ ಟೇಪ್ ರೆಕಾರ್ಡರ್ ತಂದು ಕಾರ್ಪೆಂಟರ್ಸ್ ಅನ್ನೋ ಅಮೆರಿಕದ ಅಣ್ಣ-ತಂಗಿ ಜೋಡಿಯ ಹಾಡು ಹಾಕಿದರು. ಅಣ್ಣ ರಿಚರ್ಡ್ ಪಿಯಾನೋ, ತಂಗಿ ಕ್ಯಾರೆನ್ ಹಾಡು. "ಇವಳು ಮೊದಲು ಡ್ರಮ್ಮರ್ ಗೊತ್ತಾ? ಇವಳೂ ಪಿಟಿಗೆ ಚಕ್ಕರ್ ಹೊಡೆಯೋಕೇ ಬ್ಯಾಂಡಿಗೆ ಸೇರಿದ್ದು" ಅಂತ ಮಿಸ್ ನನ್ನ ಕಡೆನೇ ನೋಡಿದರು. ಕ್ಲಾಸಿಗೆ ಕ್ಲಾಸೇ ನಕ್ಕಿತು.

ಉಳಿದದ್ದನ್ನು ಆಮೇಲೆ ಹುಡುಕಿ ಓದಿದೆ. ಕ್ಯಾರೆನ್ ಹುಟ್ಟಿದ್ದು 1950ರಲ್ಲಿ, ಮನೆಯವರು ಕ್ಯಾಲಿಫೋರ್ನಿಯಾದ ಡೌನಿಗೆ ಬಂದದ್ದು 1963ರಲ್ಲಿ. ಸ್ಕೂಲ್ ಬ್ಯಾಂಡಿನಲ್ಲಿ ಅವಳ ಕೈಗೆ ಮೊದಲು ಕೊಟ್ಟಿದ್ದು ಗ್ಲಾಕೆನ್‌ಸ್ಪೀಲ್, ಅಂದರೆ ಲೋಹದ ಪಟ್ಟಿಗಳನ್ನು ಸುತ್ತಿಗೆಯಿಂದ ಟಿಣ್ ಟಿಣ್ ಬಡಿಯೋ ವಾದ್ಯ. ಅವಳಿಗೆ ಬೇಕಾಗಿದ್ದು ಡ್ರಮ್. ಹಟ ಹಿಡಿದು ಕಲಿತಳು, ಅಪ್ಪ ಅಮ್ಮ ಸೆಟ್ಟನ್ನೂ ಕೊಡಿಸಿದರು. 1966ರಲ್ಲಿ ಹಾಲಿವುಡ್ ಬೌಲ್ ಅನ್ನೋ ದೊಡ್ಡ ಬಯಲು ರಂಗಮಂದಿರದಲ್ಲಿ ನಡೆದ ಬ್ಯಾಂಡ್ ಸ್ಪರ್ಧೆಯಲ್ಲಿ ಅಣ್ಣನ ಮೂರು ಜನರ ತಂಡ ಗೆದ್ದಾಗ ಡ್ರಮ್ ಹಿಂದೆ ಕೂತಿದ್ದವಳಿಗೆ ಬರೀ ಹದಿನಾರು.

1970ರಲ್ಲಿ ಅಣ್ಣ-ತಂಗಿಯ 'ಕ್ಲೋಸ್ ಟು ಯು' ಹಾಡು ಅಮೆರಿಕದಲ್ಲಿ ನಂಬರ್ ಒನ್ ಆಯ್ತು, ಅಲ್ಲಿಂದ ತಾಪತ್ರಯ ಶುರು. ಅಷ್ಟು ಚೆನ್ನಾಗಿ ಹಾಡೋಳು ಡ್ರಮ್ ಹಿಂದೆ ಕೂತರೆ ಮುಖಾನೇ ಕಾಣಲ್ಲ ಅಂತ ಎಲ್ಲರದ್ದೂ ದೂರು. ರೆಕಾರ್ಡಿಂಗಿನಲ್ಲಿ ಎಷ್ಟೋ ಹಾಡುಗಳಿಗೆ ಡ್ರಮ್ ಬಾರಿಸಿದ್ದು ಹಾಲ್ ಬ್ಲೇನ್ ಅನ್ನೋ ಸ್ಟುಡಿಯೋ ಡ್ರಮ್ಮರ್. ಸ್ಟೇಜಿನಲ್ಲೂ ಅವಳನ್ನು ಮೆಲ್ಲಗೆ ಮೈಕ್ ಮುಂದೆ ತಂದು ನಿಲ್ಲಿಸಿದರು. ತಾನು ಹಾಡೂ ಹೇಳೋ ಡ್ರಮ್ಮರ್ ಅಂತಲೇ ಅವಳು ಅಂದುಕೊಂಡಿದ್ದಳಂತೆ, ಯಾರು ಕೇಳಬೇಕು! 1976ರ ಒಂದು ಟಿವಿ ಕಾರ್ಯಕ್ರಮದಲ್ಲಿ ಸ್ಟೇಜಿನ ತುಂಬಾ ಇಟ್ಟ ಡ್ರಮ್ಮುಗಳ ನಡುವೆ ಓಡಾಡ್ತಾ ಬಾರಿಸ್ತಾಳೆ, ಆ ಖುಷಿಯ ಮುಖ ನೋಡಬೇಕು ನೀವು. ಊಟ ಬಿಟ್ಟು ಬಿಟ್ಟು ಮೈ ಸೊರಗಿಸೋ ಅನೊರೆಕ್ಸಿಯಾ ಕಾಯಿಲೆಯಿಂದ ಹೃದಯ ಸೋತು 1983ರಲ್ಲಿ ತೀರಿಕೊಂಡಳು. ವಯಸ್ಸು 32.

ನನ್ನದು ಸಣ್ಣ ಕತೆ. ಹತ್ತನೇ ಕ್ಲಾಸಿನ ವಾರ್ಷಿಕೋತ್ಸವದ ದಿನ ಪ್ರಾರ್ಥನೆಗೆ ಒಬ್ಬಳು ಕಡಿಮೆಯಾದಳು ಅಂತ ನನ್ನ ಡ್ರಮ್ ಕಳಚಿಸಿ ಮೈಕ್ ಮುಂದೆ ನಿಲ್ಲಿಸಿದರು. ಕೈ ಎಲ್ಲಿಡಬೇಕು ಅಂತಲೇ ತಿಳಿಯದೆ ಲಂಗದ ಮೇಲೆ ಬೆರಳಲ್ಲಿ ಬಾರಿಸ್ತಾ ಹಾಡಿದೆ. ಆ ಫೋಟೋ ಈಗಲೂ ನನ್ನ ಹತ್ರ ಇದೆ. ಸಾಲಿನಲ್ಲಿ ಎಲ್ಲರೂ ಸರಿಯಾಗಿ ಬಿದ್ದಿದ್ದಾರೆ, ನನ್ನ ಎರಡು ಕೈ ಮಾತ್ರ ಅಲ್ಲಾಡಿ ಮಸುಕಾಗಿವೆ.