ಯಾವ ಕಾರ್ಬನ್ ಗ್ರಾವೆಲ್ ಫ್ರೇಮ್ ತಗೊಳ್ಲಿ ಅಂತ ಕೇಳೋರಿಗೆಲ್ಲ

ತಿಂಗಳಿಗೆ ಒಂದ್ಸಲ ಆದ್ರೂ ಈ ಮೆಸೇಜ್ ಬಂದೇ ಬರುತ್ತೆ. "ಗುರೂ, ಗ್ರಾವೆಲ್ ಬೈಕ್ ಬಿಲ್ಡ್ ಮಾಡ್ಬೇಕು ಅಂತಿದೀನಿ, ಕಾರ್ಬನ್ ಫ್ರೇಮ್ ಯಾವ್ದು ತಗೊಳ್ಲಿ?" ಗ್ರಾವೆಲ್ ಬೈಕ್ ಅಂದ್ರೆ ಜಲ್ಲಿ ರಸ್ತೆ, ಕಚ್ಚಾ ರಸ್ತೇಲೂ ಓಡಿಸೋ ಸೈಕಲ್ಲು. ಮೆಸೇಜ್ ಜೊತೆಗೆ ಎರಡು ಸ್ಕ್ರೀನ್‌ಶಾಟ್. ಒಂದ್ರಲ್ಲಿ ಟಿ800 ಅನ್ನೋ ಕಾರ್ಬನ್ ನಾರು, ಫ್ರೇಮ್ ತೂಕ 1,080 ಗ್ರಾಂ ಅಂತ ಇರುತ್ತೆ, ಇನ್ನೊಂದ್ರಲ್ಲಿ ಟಿ1000, 890 ಗ್ರಾಂ. ಕೇಳೋರು ಮನಸ್ಸಲ್ಲಿ ಎರಡನೇದನ್ನ ಆಗ್ಲೇ ಆರಿಸ್ಕೊಂಡಿರ್ತಾರೆ, ನಾನು ಹೂಂ ಅನ್ನೋದೊಂದು ಬಾಕಿ.

ನಾನು ಹೂಂ ಅನ್ನಲ್ಲ, ಉಹೂಂ ಅಂತಾನೂ ಅನ್ನಲ್ಲ, ವಾಪಸ್ ಒಂದು ಪ್ರಶ್ನೆ ಕೇಳ್ತೀನಿ: ತಗೊಂಡ್ಮೇಲೆ ಈ ಫ್ರೇಮಲ್ಲಿ ಏನೇನು ಬದಲಾಯಿಸಕ್ಕೆ ಆಗಲ್ಲ ಅಂತ ನೋಡಿದೀರಾ? ವೀಲ್ ಬದಲಾಯಿಸ್ಬೋದು, ಹ್ಯಾಂಡಲ್‌ಬಾರ್ ಬದಲಾಯಿಸ್ಬೋದು, ಸೀಟು ಗೇರು ಬಣ್ಣ ಎಲ್ಲಾ ಬದಲಾಯಿಸ್ಬೋದು. ಜಿಯಾಮೆಟ್ರಿ (ಫ್ರೇಮಿನ ಅಳತೆ, ಕೋನ), ಟೈರ್ ಹಿಡಿಯೋ ಜಾಗ, ಬಾಟಮ್ ಬ್ರಾಕೆಟ್ ಶೆಲ್ (ಪೆಡಲ್ ತಿರುಗೋ ಬೇರಿಂಗ್ ಕೂರೋ ತೂತು), ಹಿಂದಿನ ಡ್ರಾಪ್‌ಔಟು (ಹಿಂದಿನ ವೀಲ್ ಕೂರೋ ಜಾಗ), ಈ ನಾಲ್ಕು ಅಚ್ಚಿನಿಂದ ಈಚೆ ಬಂದಾಗ ಹೆಂಗಿತ್ತೋ ಹಂಗೇ. ನನ್ನ ಮೊದಲನೇ ಫ್ರೇಮ್ ತಗೊಳ್ಳೋವಾಗ ಈ ನಾಲ್ಕರಲ್ಲಿ ಒಂದನ್ನೂ ನೋಡಿರ್ಲಿಲ್ಲ, ತೂಕ ನೋಡಿದ್ದೆ, ಬಣ್ಣ ನೋಡಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು.

ಈ ಟಿ ನಂಬರುಗಳ ಕತೆ ಮೊದ್ಲು ಮುಗಿಸಿಬಿಡ್ತೀನಿ. ಟಿ700, ಟಿ800, ಟಿ1000 ಅನ್ನೋವು ಜಪಾನಿನ ಟೋರೇ ಕಂಪನಿ ತನ್ನ ಕಾರ್ಬನ್ ನಾರಿಗೆ ಇಟ್ಟಿರೋ ಹೆಸರು. ಟಿ700 ನಾರಿನ ಮಾಡ್ಯುಲಸ್, ಅಂದ್ರೆ ಎಳೆದಾಗ ಹಿಗ್ಗದೆ ಎಷ್ಟು ಬಿಗಿಯಾಗಿ ನಿಲ್ಲುತ್ತೆ ಅನ್ನೋದು, 230 ಗಿಗಾಪ್ಯಾಸ್ಕಲ್. ಟಿ800, ಟಿ1000 ಎರಡೂ 294ರ ಆಸುಪಾಸು. ಟಿ1000 ಹರಿಯೋ ಮುಂಚೆ ಇನ್ನಷ್ಟು ಭಾರ ತಡ್ಕೊಳ್ಳುತ್ತೆ ನಿಜ, ಬಿಗಿತದಲ್ಲಿ ಟಿ800ಗಿಂತ ಮೇಲೇನಿಲ್ಲ. ಮತ್ತೆ ಇದೆಲ್ಲ ಬರೀ ನಾರಿನ ಲೆಕ್ಕ. ನಾರನ್ನ ಯಾವ ಕೋನದಲ್ಲಿ ಎಷ್ಟು ಪದರ ಹಾಕಿದ್ರು, ನಾರನ್ನ ಹಿಡಿದಿಡೋ ಎಪಾಕ್ಸಿ ಅಂಟು ಎಂಥದ್ದು, ಅಚ್ಚೊಳಗೆ ಒತ್ತೋವಾಗ ಗಾಳಿಗುಳ್ಳೆ ಉಳೀತಾ, ಫ್ರೇಮಿನ ಗುಣ ನಿಂತಿರೋದು ಅಲ್ಲಿ. ಒಳ್ಳೆ ಬಟ್ಟೆ ತಂದ್ಕೊಟ್ಟ ಮಾತ್ರಕ್ಕೆ ಅಂಗಿ ಚೆನ್ನಾಗಾಗಲ್ಲ, ದರ್ಜಿ ಕೈ ನೋಡ್ಬೇಕು. ಟಿ1000 ಅಂತ ಸ್ಟಿಕ್ಕರ್ ಇರೋ ಎಷ್ಟೋ ಫ್ರೇಮಲ್ಲಿ ಆ ನಾರು ಒಂದೆರಡು ಕಡೆ ಮಾತ್ರ ಇದ್ದು ಉಳಿದಿದ್ದೆಲ್ಲ ಬೇರೆ ಇರುತ್ತೆ, ಅದರಲ್ಲಿ ಮೋಸನೂ ಏನಿಲ್ಲ, ಬೇರೆಬೇರೆ ಜಾಗಕ್ಕೆ ಬೇರೆಬೇರೆ ನಾರು ಬೇಕು. ಇನ್ನು ತೂಕ. ಆ ಎರಡು ಸ್ಕ್ರೀನ್‌ಶಾಟ್ ಮಧ್ಯೆ ಇರೋ ವ್ಯತ್ಯಾಸ 190 ಗ್ರಾಂ, ಅಂದ್ರೆ 750 ಎಂಎಲ್ ಬಾಟ್ಲಲ್ಲಿ ಕಾಲು ಭಾಗ ನೀರು. ಮೊದಲನೇ ಗಂಟೇಲೇ ಕುಡಿದು ಮುಗಿಸಿರ್ತೀರ.

ಸ್ಟಿಕ್ಕರ್ ಬದಲು ಕೇಳ್ಬೇಕಾದ್ದು ಟೆಸ್ಟ್ ರಿಪೋರ್ಟು. ಸೈಕಲ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 4210 ಪಾಸಾಗಿದ್ಯಾ, ಅದೂ ನೀವು ತಗೋತಿರೋ ಮಾಡೆಲ್ಲಿಗೇನಾ, ಸವಾರ ಬೈಕು ಬ್ಯಾಗು ಎಲ್ಲಾ ಸೇರಿ ಎಷ್ಟು ಕೆಜಿ ತನಕ ಓಕೆ. ಸೈಕಲ್ ಎಂಥ ಬಳಕೆಗೆ ಅಂತ ಹೇಳೋ ಎಎಸ್‌ಟಿಎಮ್ ವರ್ಗೀಕರಣದಲ್ಲಿ ಕಂಡಿಷನ್ 2 ಅಂದ್ರೆ ಕಚ್ಚಾ ರಸ್ತೆ, ಜಲ್ಲಿ ರಸ್ತೆ, ಹೆಚ್ಚಂದ್ರೆ 15 ಸೆಂಟಿಮೀಟರ್ ಎತ್ತರದಿಂದ ಇಳಿಯೋದು. ಫ್ರೇಮಿಗೆ ಕಂಡಿಷನ್ 2 ಅಂತ ಬರ್ದಿದ್ದು ನೀವು ಬಂಡೆ ಮೇಲಿಂದ ಹಾರಿಸ್ತೀನಿ ಅಂದ್ರೆ ಆಮೇಲೆ ವಾರಂಟಿ ಬಗ್ಗೆ ಮಾತಾಡೋಹಂಗಿಲ್ಲ. ಓಪನ್ ಮೋಲ್ಡ್ ಫ್ರೇಮ್ ತಗೋಬೋದಾ ಅಂತಾನೂ ಕೇಳ್ತಾರೆ, ಅಂದ್ರೆ ಒಂದೇ ಅಚ್ಚಲ್ಲಿ ಮಾಡಿ ನಾಲ್ಕು ಹೆಸರಲ್ಲಿ ಮಾರೋದು. ತಗೋಬೋದು. ರಿಪೋರ್ಟ್ ಕೇಳಿದಾಗ ಕಳಿಸ್ತಾರಾ, ಇಲ್ಲ "ನೋ ಪ್ರಾಬ್ಲಮ್ ಸರ್, ವೆರಿ ಸ್ಟ್ರಾಂಗ್" ಅಂತ ಬರ್ದು ಹೆಬ್ಬೆರಳಿನ ಇಮೋಜಿ ಹಾಕ್ತಾರಾ ನೋಡ್ಕೊಳ್ಳಿ ಅಷ್ಟೇ.

ಈಗ ಜಿಯಾಮೆಟ್ರಿ, ನಾನು ಜಾಸ್ತಿ ಕೊರೆಯೋ ಜಾಗ ಇದು. ಸೈಜ್ 54, ಮೀಡಿಯಮ್ ಅನ್ನೋದನ್ನೆಲ್ಲ ಮರೆತುಬಿಡಿ, ಒಬ್ಬರ ಮೀಡಿಯಮ್ ಇನ್ನೊಬ್ಬರಿಗೆ ಸ್ಮಾಲು. ನೋಡ್ಬೇಕಾದ್ದು ಸ್ಟಾಕು, ರೀಚು. ಬಾಟಮ್ ಬ್ರಾಕೆಟ್ ಮಧ್ಯದಿಂದ ಹೆಡ್ ಟ್ಯೂಬ್ (ಹ್ಯಾಂಡಲ್ ಕೆಳಗಿರೋ, ಫ್ರೇಮಿನ ಮುಂದಿನ ಕೊಳವೆ) ಮೇಲ್ತುದಿಗೆ ನೇರ ಮೇಲಕ್ಕೆ ಅಳೆದ್ರೆ ಸ್ಟಾಕು, ಅಡ್ಡಕ್ಕೆ ಅಳೆದ್ರೆ ರೀಚು. ಇದೂ ಎಲ್ಲಾರಿಗೂ ಗೊತ್ತು, ಎಡವೋದು ಎರಡು ಫ್ರೇಮ್ ಹೋಲಿಸೋವಾಗ. ಒಂದು ಫ್ರೇಮ್ ಸ್ಟಾಕ್ 570 ರೀಚ್ 390 ಅನ್ಕೊಳ್ಳಿ, ಇನ್ನೊಂದು ಸ್ಟಾಕ್ 590 ರೀಚ್ 384. ನೋಡಿದ ತಕ್ಷಣ ಮೊದಲನೇದು ಉದ್ದ, ಎರಡನೇದು ಗಿಡ್ಡ ಅನ್ಸುತ್ತೆ ಅಲ್ವಾ. ಆದ್ರೆ ಹ್ಯಾಂಡಲ್‌ಬಾರ್ ಒಂದೇ ಎತ್ತರಕ್ಕೆ ಬರ್ಬೇಕಂದ್ರೆ ಮೊದಲನೇದಕ್ಕೆ 20 ಮಿಮೀ ಸ್ಪೇಸರ್ (ಎತ್ತರಿಸೋ ಬಳೆ) ಹಾಕ್ತೀರ, ಸ್ಟಿಯರರ್ (ಫೋರ್ಕಿನ ಮೇಲಿನ ಕೊಳವೆ) ಹಿಂದಕ್ಕೆ ವಾಲಿರೋದ್ರಿಂದ ಪ್ರತಿ 10 ಮಿಮೀ ಸ್ಪೇಸರಿಗೆ ಸುಮಾರು 3 ಮಿಮೀ ರೀಚ್ ಕಮ್ಮಿ ಆಗುತ್ತೆ, ಹಂಗಾಗಿ 390 ಹೋಗಿ 384 ಆಯ್ತು. ಎರಡೂ ಒಂದೇ ಫ್ರೇಮು! ಈ ಲೆಕ್ಕ ಹಾಕದೆ ಬರೀ ರೀಚ್ ನೋಡಿ "ಇದು ರೇಸ್ ಜಿಯಾಮೆಟ್ರಿ, ಅದು ಕಂಫರ್ಟ್" ಅಂತ ವಾದ ಮಾಡೋರನ್ನ ನೋಡಿದ್ರೆ ನಂಗೆ ಸುಮ್ನಿರಕ್ಕಾಗಲ್ಲ.

ನಿಮ್ಮ ಹತ್ರ ಈಗಿರೋ, ಮೈಕೈ ನೋವಿಲ್ಲದೆ ಓಡಿಸೋ ಸೈಕಲ್ ಯಾವ್ದಾದ್ರೂ ಇದ್ರೆ ಅದನ್ನ ಗೋಡೆಗೆ ಒರಗಿಸಿ ಟೇಪ್ ಹಿಡ್ಕೊಂಡು ಅಳೀರಿ, ಬಾಟಮ್ ಬ್ರಾಕೆಟ್ಟಿಂದ ಬಾರ್ ಎಲ್ಲಿದೆ, ಸೀಟ್ ಎಲ್ಲಿದೆ. ಹೊಸ ಫ್ರೇಮಲ್ಲಿ ಅದೇ ಜಾಗಕ್ಕೆ ಕೈ ಮತ್ತೆ ಸೊಂಟ ಬರ್ಬೇಕಂದ್ರೆ ಎಷ್ಟು ಉದ್ದದ ಸ್ಟೆಮ್ (ಹ್ಯಾಂಡಲ್‌ಬಾರನ್ನ ಸ್ಟಿಯರರಿಗೆ ಹಿಡಿದಿಡೋ ತುಂಡು) ಬೇಕು ಅಂತ ನೋಡಿ. 70ರಿಂದ 100 ಮಿಮೀ ಒಳಗೆ ಬಂದ್ರೆ ಸೈಜ್ ಸರಿ, 120 ಬೇಕಾಗ್ತಿದ್ರೆ ಫ್ರೇಮೇ ಚಿಕ್ಕದು, ಸ್ಟೆಮ್ ಎಳೆದು ಅದನ್ನ ದೊಡ್ಡದು ಮಾಡಕ್ಕಾಗಲ್ಲ. ಹೆಡ್ ಆಂಗಲ್ (ಹೆಡ್ ಟ್ಯೂಬ್ ವಾಲಿರೋ ಕೋನ), ಚೈನ್‌ಸ್ಟೇ (ಬಾಟಮ್ ಬ್ರಾಕೆಟ್ಟಿಂದ ಹಿಂದಿನ ವೀಲಿಗೆ ಹೋಗೋ ಕೊಳವೆ) ಉದ್ದ ಇದರ ಬಗ್ಗೆ ಗಂಟೆಗಟ್ಟಲೆ ಮಾತಾಡ್ಬೋದು, ಮೊದಲನೇ ಗ್ರಾವೆಲ್ ಬೈಕ್ ಆದ್ರೆ ಅಷ್ಟು ತಲೆ ಕೆಡಿಸ್ಕೋಬೇಡಿ. ಒಂದು ಮಾತ್ರ ನೋಡಿ, ಮುಂದೆ ಸಸ್ಪೆನ್ಷನ್ ಫೋರ್ಕ್ ಹಾಕೋ ಆಸೆ ಇದ್ರೆ ಫ್ರೇಮ್ ಅದಕ್ಕೆ ಅಂತಲೇ ಮಾಡಿದ್ದಾಗಿರ್ಬೇಕು. ಫೋರ್ಕ್ 20 ಮಿಮೀ ಎತ್ತರ ಆದ್ರೆ ಹೆಡ್ ಆಂಗಲ್ ಒಂದು ಡಿಗ್ರಿ ಆಸುಪಾಸು ಮಲಗುತ್ತೆ, ಸೀಟೂ ಅಷ್ಟೇ ಹಿಂದಕ್ಕೆ ಹೋಗುತ್ತೆ.

ಟೈರ್ ಕ್ಲಿಯರೆನ್ಸ್. ಸ್ಪೆಕ್ಕಲ್ಲಿ 45 ಮಿಮೀ ಅಂತ ಇದ್ರೆ ಅದು ಯಾವ ರಿಮ್ ಮೇಲೆ, ಮುಂದೆ ಒಂದು ಚೈನ್‌ರಿಂಗಾ ಎರಡಾ ಅಂತ ಕೇಳಿ, ರಿಮ್ ಅಗಲ ಆದ್ರೆ ಅದೇ ಟೈರ್ ಒಂದೆರಡು ಮಿಮೀ ಉಬ್ಬುತ್ತೆ. ಕಾಗದದ ಮೇಲೆ ಹಿಡಿಯುತ್ತೆ ಅನ್ನೋದು ಬೇರೆ, ಕೆಸರಲ್ಲಿ ತಿರುಗುತ್ತೆ ಅನ್ನೋದು ಬೇರೆ. 2023ರ ಅನ್‌ಬೌಂಡ್ ಗ್ರಾವೆಲ್ ರೇಸಲ್ಲಿ, ಅಮೆರಿಕದ ಕ್ಯಾನ್ಸಸ್‌ನ ಎಂಪೋರಿಯಾದಲ್ಲಿ ನಡೆಯೋದು, ಶುರುವಾದ ಸ್ವಲ್ಪ ದೂರಕ್ಕೇ ಅಂಟು ಕೆಸರು ಸಿಕ್ಕಿ ಜನ ಸೈಕಲ್ಲನ್ನ ಹೆಗಲ ಮೇಲೆ ಹೊತ್ಕೊಂಡು ನಡೆದ್ರು, ಎಷ್ಟೋ ಜನರ ಡಿರೇಲರ್ (ಗೇರ್ ಬದಲಾಯಿಸೋ ಭಾಗ) ಕಿತ್ತು ಬಂತು. ಕಾರ್ಬನ್ನಿಗೆ ಇದರಲ್ಲಿ ಇನ್ನೊಂದು ತೊಂದರೆ, ಟೈರಿಗೂ ಚೈನ್‌ಸ್ಟೇಗೂ ಮಧ್ಯೆ ಮರಳು ಮಿಶ್ರಿತ ಕೆಸರು ಕೂತ್ರೆ ಅದು ಉಪ್ಪುಕಾಗದದ ಥರ ಉಜ್ಜುತ್ತೆ, ಮೊದ್ಲು ಬಣ್ಣ, ಆಮೇಲೆ ನಾರು. ನಾನು ಎರಡೂ ಪಕ್ಕ ಕನಿಷ್ಠ 5 ಮಿಮೀ ಖಾಲಿ ಬಿಡ್ತೀನಿ, ಚೈನ್‌ಸ್ಟೇ ಒಳಮೈಗೆ ದಪ್ಪ ಪ್ರೊಟೆಕ್ಷನ್ ಫಿಲ್ಮ್ ಅಂಟಿಸ್ತೀನಿ.

ಬಾಟಮ್ ಬ್ರಾಕೆಟ್ ಬಗ್ಗೆ ನಂದು ಹಳೇ ಗಾಯ. ಮೊದಲನೇ ಫ್ರೇಮ್ ಪ್ರೆಸ್‌ಫಿಟ್, ಅಂದ್ರೆ ಬೇರಿಂಗನ್ನ ಥ್ರೆಡ್ ಇಲ್ದೆ ಒತ್ತಿ ಕೂರಿಸೋದು. ಮೂರನೇ ವಾರಕ್ಕೆ ಏರಲ್ಲಿ ಪೆಡಲ್ ತುಳಿದಾಗೆಲ್ಲ ಕಟ್, ಕಟ್ ಅಂತ ಶುರು. ಸೀಟ್‌ಪೋಸ್ಟ್ ಬಿಚ್ಚಿ ಪೇಸ್ಟ್ ಹಚ್ಚಿದೆ, ಚೈನ್‌ರಿಂಗ್ ಬೋಲ್ಟ್ ಬಿಗಿ ಮಾಡ್ದೆ, ಆಕ್ಸಲ್ ಒರೆಸಿ ಗ್ರೀಸ್ ಹಾಕ್ದೆ, ಯಾಕಂದ್ರೆ ಬಾಟಮ್ ಬ್ರಾಕೆಟ್ ಸದ್ದು ಅನ್ಕೊಂಡಿದ್ದು ಸುಮಾರು ಸಲ ಬೇರೆಲ್ಲಿಂದಲೋ ಬರ್ತಿರುತ್ತೆ. ನಂದು ಅಲ್ಲಿಂದಲೇ ಬರ್ತಿತ್ತು. ಬೇರಿಂಗ್ ಎರಡು ಸಲ ಬದಲಾಯಿಸಿ ಆಮೇಲೆ ಅಳತೆ ಕ್ಯಾಲಿಪರ್ ಇಟ್ಟು ನೋಡಿದ್ರೆ ಶೆಲ್ ಗುಂಡಗೇ ಇಲ್ಲ, ಮೇಲೆ ಕೆಳಗೆ ಒಂದಳತೆ, ಅಡ್ಡಕ್ಕೆ ಇನ್ನೊಂದು. ಪ್ರೆಸ್‌ಫಿಟ್ಟಲ್ಲಿ ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕ, ಕಾರ್ಬನ್ನಲ್ಲಿ ಅಷ್ಟು ನಿಖರ ಬರ್ಬೇಕಂದ್ರೆ ಮಾಡೋರು ಮನಸ್ಸಿಟ್ಟು ಮಾಡ್ಬೇಕು. ಚೆನ್ನಾಗಿ ಮಾಡಿರೋ ಪ್ರೆಸ್‌ಫಿಟ್ಟೂ ಇದಾವೆ, ಒಪ್ತೀನಿ, ಆದ್ರೆ ನಿಮ್ಮ ಕೈಗೆ ಬರೋದು ಅದೇ ಅಂತ ಹೇಳಕ್ಕೆ ನಾನ್ಯಾರು. ಥ್ರೆಡ್ ಇರೋದೇ ತಗೊಳ್ಳಿ. 68 ಮಿಮೀ ಬಿಎಸ್‌ಎ ಅನ್ನೋ ಥ್ರೆಡ್ ಅಳತೆ ಆದ್ರೆ ಎಲ್ಲಿ ಹೋದ್ರೂ ಸ್ಪೇರ್ ಸಿಗುತ್ತೆ, ಟಿ47 (ಇದು ನಾರಲ್ಲ, ಥ್ರೆಡ್ ಅಳತೆ) ಆದ್ರೆ ಅದೇ ಐಡಿಯಾ ದೊಡ್ಡ ತೂತಲ್ಲಿ. ಬಿಚ್ಚೋವಾಗ ಚೈನ್ ಇರೋ ಕಡೆ ಉಲ್ಟಾ ಥ್ರೆಡ್ ಅನ್ನೋದು ನೆನಪಿರ್ಲಿ, ಇದನ್ನ ಮರೆತು ಸ್ಪ್ಯಾನರ್ ಮೇಲೆ ಹತ್ತಿ ನಿಂತೋರನ್ನ ನೋಡಿದೀನಿ.

ಹಿಂದಿನ ಡ್ರಾಪ್‌ಔಟಿಗೆ ಜಾಸ್ತಿ ಹೇಳೋದಿಲ್ಲ. 12 ಮಿಮೀ ದಪ್ಪ, 142 ಮಿಮೀ ಅಗಲದ ಥ್ರೂ ಆಕ್ಸಲ್, ಯುಡಿಎಚ್ ಹ್ಯಾಂಗರ್ (ಡಿರೇಲರನ್ನ ಫ್ರೇಮಿಗೆ ಹಿಡಿಸೋ ತುಂಡು), ಇಷ್ಟಿದ್ರೆ ಸಾಕು. ಯುಡಿಎಚ್ ಅಂದ್ರೆ ಯೂನಿವರ್ಸಲ್ ಡಿರೇಲರ್ ಹ್ಯಾಂಗರ್, ಸೈಕಲ್ ಭಾಗ ಮಾಡೋ ಸ್ರಾಮ್ ಕಂಪನಿ 2019ರಲ್ಲಿ ತಂದಿದ್ದು, ಅದಕ್ಕಿಂತ ಮುಂಚೆ ಪ್ರತಿ ಫ್ರೇಮಿಗೂ ಅದರದ್ದೇ ಆಕಾರದ ಹ್ಯಾಂಗರ್, ಬಗ್ಗಿದ್ರೆ ಹುಡುಕ್ತಾ ಕೂರ್ಬೇಕಿತ್ತು. ಯುಡಿಎಚ್ ಇಲ್ದಿರೋ ಫ್ರೇಮೇ ಇಷ್ಟ ಆಯ್ತು ಅಂದ್ರೆ ಫ್ರೇಮ್ ಜೊತೇಲೇ ಎರಡು ಸ್ಪೇರ್ ಹ್ಯಾಂಗರ್ ಆರ್ಡರ್ ಮಾಡ್ಕೊಳ್ಳಿ, ಆಮೇಲೆ ಮಾಡ್ತೀನಿ ಅಂದ್ರೆ ಆ ಮಾಡೆಲ್ಲೇ ನಿಂತೋಗಿರುತ್ತೆ.

ಈಗ ಕಸ್ಟಮ್ ವಿಷಯಕ್ಕೆ ಬರೋಣ, ಈ ಪದಾನೇ ಸ್ವಲ್ಪ ದಾರಿ ತಪ್ಸುತ್ತೆ. ಅಚ್ಚಲ್ಲೇ ಮಾಡೋ ಮೊನೊಕಾಕ್ ಕಾರ್ಬನ್ ಫ್ರೇಮಿಗೆ ಒಂದೊಂದು ಸೈಜಿಗೂ ಒಂದೊಂದು ಲೋಹದ ಅಚ್ಚು, ನಿಮ್ಮೊಬ್ಬರಿಗೋಸ್ಕರ ಟಾಪ್ ಟ್ಯೂಬ್ 8 ಮಿಮೀ ಗಿಡ್ಡ ಮಾಡಿ ಅಂದ್ರೆ ಹೊಸ ಅಚ್ಚೇ ಕಡೀಬೇಕು. ನಿಜವಾಗ್ಲೂ ಅಳತೆಗೆ ಮಾಡಿಸ್ಬೇಕಂದ್ರೆ ಟ್ಯೂಬ್ ಟು ಟ್ಯೂಬ್ ಮಾಡೋರ ಹತ್ರ ಹೋಗ್ಬೇಕು, ಅವ್ರು ಕಾರ್ಬನ್ ಕೊಳವೆಗಳನ್ನ ನಿಮ್ಮ ಅಳತೆಗೆ ಕತ್ತರಿಸಿ ಕೂಡಿಸಿ, ಕೂಡಿದ ಜಾಗಕ್ಕೆ ಮೇಲಿಂದ ಕಾರ್ಬನ್ ಬಟ್ಟೆ ಸುತ್ತುತಾರೆ. ತುಂಬಾ ಉದ್ದ ಕಾಲು ಗಿಡ್ಡ ಮುಂಡ, ಅಥವಾ ಬೆನ್ನಿಗೆ ಆಪರೇಷನ್ ಆಗಿದೆ ಅನ್ನೋರಿಗೆ ಅದು ಬೇಕಾಗ್ಬೋದು. ಉಳಿದೋರಿಗೆ ಸ್ಟೆಮ್, ಬಾರ್ ಅಗಲ, ಫ್ಲೇರ್ (ಬಾರ್ ತುದಿ ಹೊರಕ್ಕೆ ಬಾಗಿರೋದು), ಕ್ರಾಂಕ್ (ಪೆಡಲ್ ಹಿಡಿದಿರೋ ಕಡ್ಡಿ) ಉದ್ದ ಇದರಲ್ಲೇ ಕೆಲಸ ಆಗುತ್ತೆ. ಕೇಬಲ್ ಎಲ್ಲಾ ಹೆಡ್‌ಸೆಟ್ (ಹೆಡ್ ಟ್ಯೂಬಿನ ಬೇರಿಂಗ್) ಒಳಗಿಂದ ಹೋಗೋ ಫ್ರೇಮ್ ನೋಡಕ್ಕೆ ಚೆಂದ, ನಾನೂ ಬಾಯಿ ಬಿಟ್ಕೊಂಡು ನೋಡ್ತೀನಿ. ಆದ್ರೆ ಮೇಲಿನ ಬೇರಿಂಗ್ ಬದಲಾಯಿಸ್ಬೇಕಂದ್ರೆ ಬ್ರೇಕ್ ಹೋಸ್ ಬಿಚ್ಚಿ ಮತ್ತೆ ಬ್ಲೀಡ್ ಮಾಡಿ ಒಳಗಿನ ಗಾಳಿ ತೆಗೀಬೇಕು. ಹೋಸ್ ಸ್ಟೆಮ್ ಒಳಗೂ ಹೋಗಿದ್ರೆ 10 ಮಿಮೀ ಗಿಡ್ಡ ಸ್ಟೆಮ್ ಟ್ರೈ ಮಾಡೋಣ ಅನ್ನೋದೂ ಇಡೀ ಭಾನುವಾರದ ಕೆಲಸ. ಫಿಟ್ ಇನ್ನೂ ಹುಡುಕ್ತಿರೋರು ಡೌನ್ ಟ್ಯೂಬಿಂದ ಕೇಬಲ್ ಒಳಹೋಗೋ ಫ್ರೇಮ್ ತಗೊಳ್ಳೋದು ವಾಸಿ.

ಮೌಂಟುಗಳನ್ನ, ಅಂದ್ರೆ ಬ್ಯಾಗು ಗೀಗು ಹಿಡಿಸೋ ಜಾಗಗಳನ್ನ, ಆರ್ಡರ್ ಮಾಡೋವಾಗ್ಲೇ ಹೇಳ್ಬೇಕು. ಟಾಪ್ ಟ್ಯೂಬ್ ಬ್ಯಾಗು, ಫೋರ್ಕಿನ ಪಕ್ಕ ಮೂರು ಬೋಲ್ಟಿನ ಕೇಜು, ಮಡ್‌ಗಾರ್ಡು, ಡ್ರಾಪರ್ ಪೋಸ್ಟ್ (ಓಡಿಸ್ತಾನೇ ಸೀಟ್ ಇಳಿಸೋ ಪೋಸ್ಟ್) ಹಾಕೋದಾದ್ರೆ 27.2 ಮಿಮೀ ಗುಂಡು ಸೀಟ್‌ಪೋಸ್ಟು. ಆಮೇಲೆ ಡ್ರಿಲ್ ಹಿಡಿದು ನಾನೇ ತೂತು ಮಾಡ್ಕೋತೀನಿ ಅನ್ನೋ ಯೋಚನೆ ಬಂದ್ರೆ ಡ್ರಿಲ್ಲನ್ನ ಯಾರಿಗಾದ್ರೂ ದಾನ ಮಾಡಿ. ಕಾರ್ಬನ್ನಲ್ಲಿ ನಾರು ಎಲ್ಲಿ ತುಂಡಾಗುತ್ತೋ ಅಲ್ಲಿಂದಲೇ ಬಿರುಕು ಶುರು.

ಬಣ್ಣ ಎಲ್ಲಾರಿಗೂ ಇಷ್ಟ, ನಂಗೂ. ಎರಡನೇ ಫ್ರೇಮಿಗೆ ಆಸೆಪಟ್ಟು ಕಡು ಹಸಿರು ಮಾಡಿಸ್ದೆ, ಮೇಲೆ ಗ್ಲಾಸ್ ಥರ ಹೊಳೆಯೋ ಕ್ಲಿಯರ್ ಕೋಟು. ಬಂತು, ನೋಡಿ ಕಣ್ಣು ತುಂಬ್ತು, ಬಿಲ್ಡ್ ಮಾಡಿ ವೀಲ್ ತಿರುಗಿಸಿದ್ರೆ ಹಿಂದಿನ ಬ್ರೇಕು ಶ್ರ್ ಶ್ರ್ ಅಂತ ಉಜ್ತಿದೆ. ಎಷ್ಟು ಅಡ್ಜಸ್ಟ್ ಮಾಡಿದ್ರೂ ಪ್ಯಾಡ್ ರೋಟರಿಗೆ ಸಮಾನಾಂತರ ನಿಲ್ತಾನೇ ಇಲ್ಲ. ಬ್ರೇಕ್ ಕ್ಯಾಲಿಪರ್ ಬಿಚ್ಚಿ ಟಾರ್ಚ್ ಹಿಡಿದು ನೋಡಿದ್ರೆ ಅದು ಫ್ರೇಮ್ ಮೇಲೆ ಕೂರೋ ಜಾಗದ ಒಂದು ಅಂಚಲ್ಲಿ ಬಣ್ಣ ಹರಿದು ಹೆಪ್ಪುಗಟ್ಟಿ ಉಗುರಿಗೆ ತಗಲೋವಷ್ಟು ದಿಣ್ಣೆ ಆಗಿದೆ. ಸೀಟ್ ಟ್ಯೂಬ್ ಒಳಗೂ ಕ್ಲಿಯರ್ ಕೋಟ್ ಹೋಗಿತ್ತು, ಪೋಸ್ಟ್ ಮೊದ್ಲು ಇಳಿಯಲೇ ಇಲ್ಲ. ಅದಕ್ಕೇ ಈಗ ಯಾರೇ ಪೇಂಟ್ ಮಾಡಿಸ್ತೀನಿ ಅಂದ್ರೂ ಹೇಳ್ತೀನಿ, ಬಾಟಮ್ ಬ್ರಾಕೆಟ್ ಥ್ರೆಡ್, ಹೆಡ್‌ಸೆಟ್ ಕೂರೋ ಜಾಗ, ಬ್ರೇಕ್ ಮೌಂಟ್, ಡ್ರಾಪ್‌ಔಟ್ ಮುಖ, ಸೀಟ್ ಟ್ಯೂಬ್ ಒಳಭಾಗ ಇವಕ್ಕೆಲ್ಲ ಮಾಸ್ಕಿಂಗ್ ಮಾಡಿ ಫೋಟೋ ಕಳಿಸಿ ಅಂತ ಮುಂಚೇನೇ ಬರ್ಕೊಡಿ. ಹಳೇ ಫ್ರೇಮಿಗೆ ಬಣ್ಣ ಬದಲಾಯಿಸೋರು ಪೇಂಟ್ ರಿಮೂವರ್ ಸುರೀಬೇಡಿ, ಎಪಾಕ್ಸೀನೂ ತಿನ್ನುತ್ತೆ, ಕೈಯಲ್ಲೇ ಉಜ್ಜಿ ತೆಗೀಬೇಕು. ಪೌಡರ್ ಕೋಟಿಂಗ್ ಬೇಡವೇ ಬೇಡ, ಅದನ್ನ ಒಲೇಲಿ 180 ಡಿಗ್ರಿ ಆಸುಪಾಸು ಬೇಯಿಸ್ತಾರೆ, ಸೈಕಲ್ ಫ್ರೇಮಿನ ಎಪಾಕ್ಸಿ ಅಷ್ಟು ಬಿಸಿ ತಡೆಯಲ್ಲ.

ಕೊನೇದಾಗಿ ಸ್ಟಿಯರರ್ ಕತ್ತರಿಸೋದು. ಹೊಸ ಫೋರ್ಕ್ ಉದ್ದಕ್ಕೆ ಬರುತ್ತೆ, ನೋಡಿದ್ರೆ ಕೈ ಕಡಿಯುತ್ತೆ, ಸ್ಲ್ಯಾಮ್ ಮಾಡಿ, ಅಂದ್ರೆ ಸ್ಟೆಮ್ಮನ್ನ ಪೂರ್ತಿ ಕೆಳಗಿಳಿಸಿ, ಫೋಟೋ ಹಾಕ್ಬೇಕು ಅನ್ಸುತ್ತೆ. ಎರಡು ಮೂರು ತಿಂಗಳು ಸ್ಟೆಮ್ ಮೇಲೆ ಸ್ಪೇಸರ್ ಇಟ್ಕೊಂಡೇ ಓಡಿಸಿ. ಎತ್ತರ ಖಾತ್ರಿ ಆದ್ಮೇಲೆ ಗುರುತಿನ ಸುತ್ತ ಮಾಸ್ಕಿಂಗ್ ಟೇಪ್ ಸುತ್ತಿ, ಸಣ್ಣ ಹಲ್ಲಿನ ಬ್ಲೇಡಲ್ಲಿ, ಧೂಳು ಮೂಗಿಗೆ ಹೋಗದಿರೋಹಂಗೆ ಮಾಸ್ಕ್ ಹಾಕಿ, ನೀರು ಚಿಮುಕಿಸ್ತಾ ನಿಧಾನಕ್ಕೆ ಕೊಯ್ಯಿರಿ. ಸ್ಟೆಮ್ ಮೇಲೆ 5 ಮಿಮೀ ಸ್ಪೇಸರ್ ಒಂದು ಉಳೀಲಿ, ಸ್ಟಿಯರರ್ ತುದಿ ಆ ಸ್ಪೇಸರ್ ಮೇಲ್ಮೈಯಿಂದ 3 ಮಿಮೀ ಕೆಳಗಿರ್ಲಿ. ಸ್ಟೆಮ್ ಬೋಲ್ಟಿಗೆ ಟಾರ್ಕ್ ರೆಂಚು, ಅಂದಾಜಲ್ಲ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್, ಸ್ಟೆಮ್ ಮೇಲೇನೇ ಬರ್ದಿರುತ್ತೆ.

ಇಷ್ಟೆಲ್ಲ ಓದಿದ್ಮೇಲೂ "ಅದೆಲ್ಲ ಸರಿ, ನಿಂದು ಯಾವ್ದು?" ಅಂತ ಕೇಳೋರು ಇದ್ದೇ ಇರ್ತಾರೆ. ನಂದೀಗ ಮೂರನೇದು. ಟಿ700, ಬಿಎಸ್‌ಎ, ಯುಡಿಎಚ್, ಬಣ್ಣಾನೇ ಇಲ್ಲ, ಮ್ಯಾಟ್ ಕಪ್ಪು. ಸ್ಟೆಮ್ ಮೇಲೆ 35 ಮಿಮೀ ಸ್ಪೇಸರ್ ಹಂಗೇ ನಿಂತಿದೆ, ಜೊತೆಗೆ ಬರೋರು ಚಿಮಣಿ ಅಂತ ರೇಗಿಸ್ತಾರೆ. ಮುಂದಿನ ತಿಂಗಳು ಕತ್ತರಿಸ್ತೀನಿ ಅಂತ ಹೇಳ್ತಾ ಎರಡು ವರ್ಷ ಆಯ್ತು.