ಒಂದು ‘ಓಕೆ’ಗಾಗಿ ರಾತ್ರಿಯೆಲ್ಲ ಕಾದ ರೆವಿಟ್

ಆಸ್ಪತ್ರೆ ಕಟ್ಟಡದ ಪ್ರಾಜೆಕ್ಟ್. ಮಾಡೆಲ್ ಮಾಡೋದು ರೆವಿಟ್ ಅನ್ನೋ ಕಟ್ಟಡ ವಿನ್ಯಾಸದ ಸಾಫ್ಟ್‌ವೇರಿನಲ್ಲಿ, ಒಂದೊಂದು ಬ್ಲಾಕಿಗೂ ಬೇರೆ ಬೇರೆ ಫೈಲು. ಎಲ್ಲ ಬ್ಲಾಕುಗಳ ರೂಮುಗಳ ಹೆಸರು, ನಂಬರ್, ವಿಸ್ತೀರ್ಣ ಒಂದೇ ಪಟ್ಟಿಯಲ್ಲಿ ಬೇಕು ಅಂತ ಕ್ಲೈಂಟ್ ಕೇಳಿದ್ದರು.

ಅದಕ್ಕೆ ಡೈನಮೋದಲ್ಲಿ (ರೆವಿಟ್ ಕೆಲಸಗಳನ್ನು ತಂತಾನೇ ಮಾಡಿಸುವ ಸಾಧನ) ಬರೆದ ಸ್ಕ್ರಿಪ್ಟ್ ನಮ್ಮಲ್ಲಿ ಮೊದಲೇ ಇತ್ತು. ರೂಮುಗಳನ್ನೆಲ್ಲ ಹುಡುಕಿ ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಿಎಸ್‌ವಿ ಫೈಲಿಗೆ ಬರೆಯುತ್ತೆ, ಕ್ಷಣದ ಕೆಲಸ. ಹೊತ್ತು ತಿನ್ನುವುದು ಫೈಲು ತೆರೆಯೋದು. ದೊಡ್ಡ ಮಾಡೆಲ್ ತೆರೆಯುವಷ್ಟರಲ್ಲಿ ಕೆಳಗೆ ಹೋಗಿ ಕಾಫಿ ಕುಡಿದು ಬರಬಹುದು. ತೆರೆ, ಓಡಿಸು, ಮುಚ್ಚು ಅಂತ ಇಡೀ ದಿನ ಕೂರೋದು ಯಾರಿಗೆ ಬೇಕು?

ಹಾಗಾಗಿ ರೆವಿಟ್ ಬ್ಯಾಚ್ ಪ್ರೊಸೆಸರ್ ಹಾಕಿಕೊಂಡೆವು. ದುಡ್ಡು ಕೊಡಬೇಕಿಲ್ಲ, ಓಪನ್ ಸೋರ್ಸ್. ಯಾವ ಫೈಲು ಎಲ್ಲಿದೆ ಅಂತ ಎಕ್ಸೆಲ್‌ನಲ್ಲಿ ಬರೆದು ಕೊಟ್ಟರೆ ಒಂದಾದ ಮೇಲೊಂದು ತೆರೆದು ಸ್ಕ್ರಿಪ್ಟ್ ಓಡಿಸುತ್ತೆ. ಎಲ್ಲರೂ ಸೇರಿ ಕೆಲಸ ಮಾಡುವ ಸೆಂಟ್ರಲ್ ಫೈಲುಗಳನ್ನು ‘ಡಿಟ್ಯಾಚ್’ ಮಾಡಿ, ಅಂದರೆ ಮೂಲದಿಂದ ಬೇರ್ಪಟ್ಟ ಪ್ರತಿಯಾಗಿ ತೆರೆಯುವಂತೆ ಹೇಳಿದೆವು. ಬೇರೆಯವರ ಕೆಲಸಕ್ಕೆ ನಮ್ಮಿಂದ ತೊಂದರೆ ಆಗಬಾರದು ಅಲ್ವಾ? ಮಾನಿಟರ್ ಮೇಲೆ ‘ಆಫ್ ಮಾಡಬೇಡಿ’ ಅಂತ ಚೀಟಿ ಅಂಟಿಸಿ ಮನೆಗೆ ಹೋದೆವು.

ಬೆಳಿಗ್ಗೆ ಬಂದು ನೋಡಿದರೆ ಎರಡನೇ ಫೈಲಿನಲ್ಲೇ ನಿಂತಿದೆ! ಪರದೆಯ ನಡುವೆ ಪುಟ್ಟ ಡಬ್ಬಿ. ‘ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳುತ್ತೀರಾ?’

ರೆವಿಟ್ ತಾನೇ ಕೇಳುವ ಹೆಚ್ಚಿನ ಪ್ರಶ್ನೆಗಳಿಗೆ ಬ್ಯಾಚ್ ಪ್ರೊಸೆಸರ್ ಉತ್ತರ ಕೊಟ್ಟುಕೊಳ್ಳುತ್ತೆ. ಆದರೆ ಇದು ರೆವಿಟ್ ಕೇಳಿದ್ದಲ್ಲ, ಯಾವುದೋ ಆಡ್-ಇನ್ (ರೆವಿಟ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ಕೇಳಿದ್ದು. ಯಾವುದು? ರೆವಿಟ್ ತಾನು ಮಾಡಿದ್ದನ್ನೆಲ್ಲ ಜರ್ನಲ್ ಫೈಲಿನಲ್ಲಿ ಬರೆದಿಡುತ್ತೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಗುಟ್ಟು ಯಾವಾಗಲೂ ಬಾಲದಲ್ಲೇ ಇರುತ್ತೆ. ಆಡ್-ಇನ್ ಹೆಸರು ಅಲ್ಲೇ ಸಿಕ್ಕಿತು.

ಆಮೇಲಿನದು ಸುಲಭ. ರೆವಿಟ್ ಶುರುವಾಗುವಾಗ ಪ್ರೋಗ್ರಾಂಡೇಟಾದ ಆಡಿನ್ಸ್ ಫೋಲ್ಡರಿನಲ್ಲಿರುವ ‘.ಆಡಿನ್’ ಕಡತಗಳನ್ನು ನೋಡಿ ಆಡ್-ಇನ್‌ಗಳನ್ನು ಎಳೆದುಕೊಳ್ಳುತ್ತೆ. ಬೇಡದ ಕಡತವನ್ನು ಬೇರೆ ಕಡೆ ಸರಿಸಿದರಾಯಿತು, ಅನ್‌ಇನ್‌ಸ್ಟಾಲ್ ಮಾಡಬೇಕಿಲ್ಲ. ಜೊತೆಗೆ ಪ್ರತಿ ಫೈಲಿಗೂ ಇಂತಿಷ್ಟೇ ನಿಮಿಷ ಅಂತ ಮಿತಿ ಇಟ್ಟೆವು. ಜನ ಸ್ಕ್ರಿಪ್ಟಿನ ಜಾಣತನದ ಬಗ್ಗೆಯೇ ಜಾಸ್ತಿ ಮಾತಾಡುತ್ತಾರೆ. ನನ್ನ ಪ್ರಕಾರ ಆಟೋಮೇಷನ್‌ನಲ್ಲಿ ಮುಕ್ಕಾಲು ಕೆಲಸ ಇಂಥ ಡಬ್ಬಿಗಳ ಬಾಯಿ ಮುಚ್ಚಿಸೋದೇ.

ಮಾರನೇ ಬೆಳಿಗ್ಗೆ ಪಟ್ಟಿ ಪೂರ್ತಿ ಬಂದಿತ್ತು. ಕೆಲವು ರೂಮುಗಳ ವಿಸ್ತೀರ್ಣ ಮಾತ್ರ ಸೊನ್ನೆ. ಸುತ್ತಲಿನ ಗೋಡೆ ಎಲ್ಲೋ ಕೂಡಿಲ್ಲದಿದ್ದರೆ ರೆವಿಟ್ ಸ್ಕ್ರಿಪ್ಟಿಗೆ ಸೊನ್ನೆ ಅಂತ ಕೊಡುತ್ತೆ. ಆರ್ಕಿಟೆಕ್ಟ್‌ಗೆ ಫೋನ್ ಮಾಡಿದೆ.

“ಸರ್, ನಿಮ್ಮ ಎಕ್ಸ್‌ರೇ ರೂಮಿನ ಗೋಡೆ ಸೇರಿಲ್ಲ.”

“ಅಯ್ಯೋ, ಅದೊಂದು ರೂಮಾದ್ರೂ ಮುಚ್ಚಿರಬೇಕಿತ್ತು ಮಾರಾಯ್ರೆ!” ಅಂದರು.